ಮಹಡಿಯ ಮೇಲಿನ ಡ್ರಮ್ಮು

"ಹೊಗೆ ಕಡಿಮೆ ಬರೋದು ಯಾವುದು ಅಂತ ಕೇಳು," ಎಂದ ಕದಿರೇಶ, ಹೆಂಡತಿಯ ಬೆನ್ನ ಹಿಂದೆ ನಿಂತು ಕಂಪ್ಯೂಟರಿನತ್ತ ಬೆರಳು ಮಾಡಿ.

ವೆಂಕಟಲಕ್ಷ್ಮಿ ಆಗಲೇ ಕೇಳಿದ್ದಳು. ಮಾಂಸವನ್ನು ಹೊಗೆಯಲ್ಲೇ ನಿಧಾನವಾಗಿ ಬೇಯಿಸುವ ಸ್ಮೋಕರ್ ಒಂದನ್ನು ಮನೆಗೆ ತರಬೇಕೆಂದು ಅವಳು ಇಂಟರ್ನೆಟ್ಟಿನ ಬಾಡೂಟದ ಗುಂಪೊಂದನ್ನು ಸೇರಿದ್ದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಮಂದಿ. ಜಗಳಕ್ಕೂ ಸೈ, ಸಲಹೆಗೂ ಸೈ. ಕರೆಂಟಿನದು ತಗೊಳ್ಳಿ, ಹೊಗೆಯೇ ಕಾಣಿಸುವುದಿಲ್ಲ ಎಂದು ಮೈಸೂರಿನವನೊಬ್ಬ ಬರೆದಿದ್ದ. ಮುಳಬಾಗಿಲಿನಲ್ಲಿ ಕರೆಂಟೇ ಕಾಣಿಸುವುದಿಲ್ಲ ಎಂದು ಇವಳು ಉತ್ತರ ಕೊಟ್ಟಿದ್ದಳು. ಮಡಿಕೇರಿಯ ಹೆಂಗಸೊಬ್ಬರು ಮಾತ್ರ ವಿವರವಾಗಿ ಬರೆದಿದ್ದರು: "ಹೊಸ ಡ್ರಮ್ಮು ತಂದು ವೆಲ್ಡಿಂಗ್ ಅಂಗಡೀಲಿ ಬಾಗಿಲು, ಜಾಲರಿ ಮಾಡಿಸ್ಕೊಳ್ಳಿ. ಒಳಗೆ ಬಣ್ಣ ಇರಬಾರದು. ನೀಲಗಿರಿ ಸೌದೆ ಮುಟ್ಟಬೇಡಿ, ಮಾವು ಹಾಕಿ. ಅದಿರಲಿ, ಎಲ್ಲಿಡ್ತೀರಿ?"

'ಹಿತ್ತಲಲ್ಲಿ, ಬಚ್ಚಲ ಪಕ್ಕ, ಯಾರಿಗೂ ಕಾಣದ ಹಾಗೆ' ಎಂದು ಟೈಪು ಮಾಡಿದವಳು, ತಾನು ಬರೆದದ್ದನ್ನು ತಾನೇ ಓದಿಕೊಂಡಳು. ಮದುವೆಯಾದ ಮೇಲೆ ಇದ್ದ ಬಾಡಿಗೆ ಮನೆಗಳಲ್ಲೆಲ್ಲ ಮಾಂಸ ತಂದದ್ದು ಸೊಪ್ಪಿನ ಚೀಲದ ತಳದಲ್ಲಿಟ್ಟು. ಕುಕ್ಕರ್ ಕೂಗುವ ಮೊದಲೇ ಊದುಬತ್ತಿ ಹಚ್ಚಿ. ಮೂಳೆಗಳನ್ನು ಪೇಪರಿನಲ್ಲಿ ಸುತ್ತಿ, ತಾನು ನರ್ಸಾಗಿದ್ದ ಆಸ್ಪತ್ರೆಯವರೆಗೂ ಹೊತ್ತೊಯ್ದು ಎಸೆದಿದ್ದಳು. ಈಗ ಇದು ಸ್ವಂತ ಮನೆ. ಬರೆದದ್ದನ್ನು ಅಳಿಸಿ, 'ಮಹಡಿ ಮೇಲೆ, ರಸ್ತೆ ಕಡೆಗೆ' ಎಂದು ಕುಟ್ಟಿ ಕಳಿಸಿಬಿಟ್ಟಳು.

"ದೇವುಡಾ! ತಲೆ ಕೆಟ್ಟಿದೆಯೇನೇ ನಿಂಗೆ?" ಕದಿರೇಶ ಕುರ್ಚಿಯನ್ನೇ ಹಿಡಿದು ತಿರುಗಿಸಿದ. "ಪಕ್ಕದಲ್ಲಿ ಲಕ್ಷ್ಮೀನಾರಾಯಣ ಸಾರ್ ಇದಾರೆ. ಅವರ ಬೋರಿಂದ ಕಣೇ ನಮಗೆ ನೀರು ಬರೋದು."

"ನೀರು ಕೊಡ್ತಾರೆ ಅಂತ ತಿನ್ನೋದನ್ನ ಬಚ್ಚಿಡಬೇಕೇನ್ರೀ?"

"ಬಚ್ಚಿಡು ಅಂದ್ನಾ? ತೋರಿಸಬೇಡ ಅಂದೆ."

ಶನಿವಾರ ಗೂಡ್ಸ್ ಆಟೋದಲ್ಲಿ ಡ್ರಮ್ಮು ಬಂತು. ಶ್ರೀನಿವಾಸಪುರದ ತೋಪಿನಿಂದ ಒಂದು ಹೊರೆ ಒಣಗಿದ ಮಾವಿನ ಕೊಂಬೆಯೂ ಬಂತು. ಅದನ್ನೆಲ್ಲ ಮೇಲೆ ಸಾಗಿಸುವಾಗ ಕಾಂಪೌಂಡಿನಾಚೆ ಲಕ್ಷ್ಮೀನಾರಾಯಣರು ಬಂದು ನಿಂತರು. ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದವರು, ಗಟ್ಟಿಯಾಗಿ ಮಾತಾಡಿದವರಲ್ಲ. ಇವರ ಗೃಹಪ್ರವೇಶಕ್ಕೆ ಹೆಂಡತಿ ಸಮೇತ ಬಂದು, ಹರಸಿ, ಬಾಳೆಹಣ್ಣು ಮಾತ್ರ ತೆಗೆದುಕೊಂಡು ಹೋಗಿದ್ದರು. ವಿಷಯ ಕೇಳಿ ತಿಳಿದುಕೊಂಡು, "ತಿನ್ನಬೇಡಿ ಅಂತ ನಾನೆಲ್ಲಮ್ಮಾ ಅಂದೆ? ಹಿತ್ತಲಲ್ಲಿಟ್ಟುಕೊಳ್ಳಿ," ಎಂದರು.

"ಹಿತ್ತಲಿಂದ ಹೊಗೆ ನೇರ ನಿಮ್ಮ ಅಡುಗೆಮನೆಗೇ ನುಗ್ಗತ್ತೆ ಸಾರ್. ಮೇಲಿಂದ ಆದ್ರೆ ಆಂಧ್ರದ ಕಡೆಗೆ ಹೋಗತ್ತೆ, ಗಾಳಿ ನೋಡಿದೀನಿ."

"ಹೊಗೆ ಬಂದ್ರೆ ಬರಲಮ್ಮ, ತಡ್ಕೊಳ್ತೀನಿ. ಬಂದೋರು ಹೋದೋರಿಗೆ ಕಾಣಬಾರದು."

ವೆಂಕಟಲಕ್ಷ್ಮಿ ಆ ಹಿರಿಯರ ಮುಖವನ್ನೇ ನೋಡಿದಳು. ಇಷ್ಟು ವರ್ಷ ಅವಳು ಹೆದರಿದ್ದು ವಾಸನೆಗೆ; ಇವರಿಗೆ ವಾಸನೆ ದೊಡ್ಡ ಮಾತೇ ಅಲ್ಲ! "ಹಾಗಾದ್ರೆ ಮಹಡೀನೇ ಸರಿ ಸಾರ್," ಎಂದು ಹೇಳಿ ಮೆಟ್ಟಿಲು ಹತ್ತಿದಳು.

ಭಾನುವಾರ ಬೆಳಿಗ್ಗೆ ಡ್ರಮ್ಮಿಗೆ ಬೆಂಕಿ ಬಿತ್ತು. ಉಪ್ಪು, ಖಾರ, ಬೆಳ್ಳುಳ್ಳಿ ಸವರಿದ ಕುರಿತೊಡೆ ಜಾಲರಿಯ ಮೇಲೆ ಕೂತಿತು. ಬಿಳಿ ಹೊಗೆ ಕೊಳವೆಯಿಂದ ಎದ್ದು ಬೀದಿಗೆಲ್ಲ ಕಾಣುವಂತೆ ನಿಂತಿತು. ಕದಿರೇಶ ಹೊರಗಿನ ಮೆಟ್ಟಿಲ ಅರ್ಧದಲ್ಲೇ ಕೂತಿದ್ದ, ಮೇಲಕ್ಕೂ ಹೋಗಲೊಲ್ಲ, ಕೆಳಕ್ಕೂ ಇಳಿಯಲೊಲ್ಲ. ಅಷ್ಟರಲ್ಲಿ ನೆಂಟರೊಬ್ಬರನ್ನು ಬೀಳ್ಕೊಡಲು ಗೇಟಿಗೆ ಬಂದ ಲಕ್ಷ್ಮೀನಾರಾಯಣರು ಅವನನ್ನು ಕಂಡು, "ಏನ್ ಕದಿರೇಶ್, ನೀರು ಕಾಯಿಸ್ತಿದೀರಾ?" ಎಂದು ಗಟ್ಟಿಯಾಗಿ ಕೇಳಿದರು. ಹೌದು ಸಾರ್ ಎಂದರೆ ಮುಗಿಯುತ್ತಿತ್ತು. ಎಲ್ಲರಿಗೂ ಅನುಕೂಲವಾಗುವ ಸುಳ್ಳೊಂದನ್ನು ಅವರೇ ಅವನ ಕೈಗಿಟ್ಟಿದ್ದರು. ಮೇಲೆ ವೆಂಕಟಲಕ್ಷ್ಮಿ ಮಹಡಿಯ ಅಂಚಿಗೆ ಬಂದು ಬಗ್ಗಿ ನೋಡಿದಳು.

ಕದಿರೇಶ ಎದ್ದು, ಲುಂಗಿ ಕೊಡವಿಕೊಂಡ. "ಇಲ್ಲ ಸಾರ್. ಕುರಿ. ಸಂಜೆವರೆಗೂ ಬೇಯತ್ತೆ," ಎಂದ. ನೆಂಟರು ಕತ್ತೆತ್ತಿ ಹೊಗೆ ನೋಡಿದರು. ಲಕ್ಷ್ಮೀನಾರಾಯಣರು ಚಿಲಕ ಹಾಕಿಕೊಂಡು ಒಳಗೆ ಹೋದರು.

ಮಾರನೆಯ ದಿನ ಕೊಳಾಯಿಯಲ್ಲಿ ಗಾಳಿ ಮಾತ್ರ ಬಂತು. ಮೋಟಾರು ಕೆಟ್ಟಿದೆ ಎಂದು ಲಕ್ಷ್ಮೀನಾರಾಯಣರು ಹೇಳಿಕಳಿಸಿದರು. ಅದೇ ಬೋರಿನಿಂದ ಆಚೆ ಬದಿಯ ಮನೆಯ ತೊಟ್ಟಿಗೆ ನೀರು ಬೀಳುವ ಸದ್ದು ಮಾತ್ರ ಕೇಳುತ್ತಲೇ ಇತ್ತು. ಗಂಡ ಹೆಂಡತಿ ಟ್ಯಾಂಕರ್ ತರಿಸಿದರು. ವಾರ ಕಳೆದರೂ ಮೋಟಾರು ರಿಪೇರಿಯಾಗಲಿಲ್ಲ.

ಮುಂದಿನ ಭಾನುವಾರ ಗುಂಪಿನಲ್ಲಿ ಮಡಿಕೇರಿಯವರು ಮತ್ತೆ ಕೇಳಿದ್ದರು: "ಡ್ರಮ್ಮು ಹೇಗಿದೆ?" ವೆಂಕಟಲಕ್ಷ್ಮಿ ಮಹಡಿಯ ಮೇಲಿದ್ದಳು. ಕದಿರೇಶ ತಾನೇ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿದ:

"ನೀರು ನಿಂತಿದೆ. ಹೊಗೆ ನಿಂತಿಲ್ಲ."