ಒಸಿ ಕಾಲೆತ್ತಿ
ಹೆಂಡತಿಯ ಕುತ್ತಿಗೆಯ ಮೇಲಿದ್ದ ಮಚ್ಚೆ ಚೂರು ದಪ್ಪಗಾಗಿತ್ತು. ಕ್ಯಾನ್ಸರೋ ಏನೋ ಎಂದು ಹೆದರಿ ಅವಳು ಚರ್ಮದ ಡಾಕ್ಟರ ಬಳಿ ಹೊರಟಾಗ ಚೆಲುವರಾಜುವೂ ಜೊತೆಗೆ ಬರಲೇಬೇಕಾಯಿತು. ಕ್ಲಿನಿಕ್ಕಿನ ಬಾಗಿಲಲ್ಲೇ ಹೊಸ ಚಪ್ಪಲಿ ಬಿಡಿಸಿದರು. ಬೆಂಚಿನ ಮೇಲೆ ಕೂತು ಎರಡು ಗಂಟೆಯಾದರೂ ಸರದಿ ಬರಲಿಲ್ಲ.

ಸಾಲದ್ದಕ್ಕೆ, ನೆಲ ಒರೆಸುವ ಪುಟ್ಟತಾಯಮ್ಮನ ಕಾಟ.

"ಅಣ್ಣಾ, ಒಸಿ ಕಾಲೆತ್ತಿ."

ಎತ್ತಿದ. ಹತ್ತು ನಿಮಿಷಕ್ಕೆ ಮತ್ತೆ ಬಂದಳು.

"ಇನ್ನೊಂದ್ ಸಲ ಎತ್ತಿ ಅಣ್ಣಾ."

ಹಲ್ಲು ಕಚ್ಚಿಕೊಂಡು ಎತ್ತಿದ. ಮೂರನೇ ಸಲ ಅವಳು ಬಕೆಟ್ ಸಮೇತ ಬಂದು ಅವನ ಮುಂದೆಯೇ ಕುಕ್ಕರುಗಾಲಿನಲ್ಲಿ ಕೂತಾಗ ಪಿತ್ತ ನೆತ್ತಿಗೇರಿತು. ಎರಡೂ ಕಾಲನ್ನು ಅವಳ ಮುಖಕ್ಕೇ ಚಾಚಿದ.

"ಇಷ್ಟ್ ಜನ ಕೂತವ್ರೆ, ನಿಂಗೆ ನನ್ ಕಾಲೇ ಆಗ್ಬೇಕಾ?"

"ಸುಮ್ನಿರಿ, ಎಲ್ರೂ ನೋಡ್ತಾವ್ರೆ," ಎಂದು ಹೆಂಡತಿ ತೋಳು ಜಗ್ಗಿದಳು.

ಪುಟ್ಟತಾಯಮ್ಮ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಸೀದಾ ಡಾಕ್ಟರ ಕೋಣೆಗೆ ಹೋದಳು.

"ನೋಡು, ಚಾಡಿ ಹೇಳಕ್ಕೋದ್ಲು. ಹೇಳ್ಲಿ, ನಾನೇನ್ ಹೆದರಲ್ಲ."

ಡಾಕ್ಟರಮ್ಮ ತಾವೇ ಹೊರಗೆ ಬಂದರು. ಚೆಲುವರಾಜು ಎದ್ದು ನಿಂತು ಜಗಳಕ್ಕೆ ಸಿದ್ಧನಾದ.

"ಏನ್ ಮೇಡಂ, ಒಂದೇ ಜಾಗಾನ ಎಷ್ಟ್ ಸಲ ಒರೆಸ್ತಾಳೆ ಇವ್ಳು?"

"ಒರೆಸಿದ್ದು ಒಂದೇ ಸಲ," ಎಂದರು ಡಾಕ್ಟರಮ್ಮ. "ಇನ್ನೆರಡು ಸಲ ನಿಮ್ಮ ಎಡ ಅಂಗಾಲಲ್ಲಿರೋ ಕಪ್ಪು ಮಚ್ಚೆ ನೋಡಿದಾರೆ. ಒಳಗೆ ಬನ್ನಿ, ಮೊದಲು ನೀವು."