ತೊಳೆಯದ ಗಾಜು

ಯಾರಾದರೂ ತೀರಿಕೊಂಡರೆ ಅವರ ಕನ್ನಡಕದ ಗಾಜು ತೊಳೆಸುವುದು ಎಲ್ಲ ಮನೆಗಳಲ್ಲೂ ಇದ್ದ ವಾಡಿಕೆ. ವರ್ಷಗಟ್ಟಲೆ ಕಣ್ಣಿನ ಮುಂದಿದ್ದ ಗಾಜು ಕಂಡದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ತೊಳೆಯದೆ ಬೇರೆಯವರು ಹಾಕಿಕೊಂಡರೆ ಅವರಿಗೂ ಅದೇ ಕಾಣುತ್ತದೆ. ಹಾಗಾಗಿ ಗಂಡ ಮಣ್ಣಾದ ಮರುವಾರ ಬಸಲಿಂಗವ್ವ ಅವನ ಕನ್ನಡಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಗದಗಿನ ಇಸ್ಮಾಯಿಲ್ ಸಾಹೇಬರ ಕನ್ನಡಕದ ಅಂಗಡಿಗೆ ಬಂದಳು.

"ತೊಳಿಯೂಕಿಂತ ಮೊದಲ ಒಂದ್ಸಲ ನೋಡ್ತೀರೇನವ್ವಾ? ಎಲ್ಲಾರೂ ನೋಡ್ತಾರ," ಎಂದರು ಸಾಹೇಬರು.

ತನ್ನ ಮುಖವೇ ಕಂಡೀತೆಂದು ಬಸಲಿಂಗವ್ವ ಹಾಕಿಕೊಂಡಳು. ಕಂಡದ್ದು ಮನೆಯ ಪಡಸಾಲೆ. ಬದುಕಿದ್ದಾಗ ಗಂಡ ಅಲ್ಲಿ ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಜೊತೆ ದಿನಾ ಮಾತಾಡುತ್ತಿದ್ದ. ಅರಳುಮರಳು ಎಂದು ಅವಳು ಸುಮ್ಮನಾಗಿದ್ದಳು. ಈಗ ಆ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಿವಿಯ ಬಳಿ ನಾಲ್ಕು ಬಿಳಿಕೂದಲು, ಹುಬ್ಬಿನ ಮೇಲೆ ಸುಟ್ಟ ಕಲೆ. ಅಂಥ ಕಲೆ ಇದ್ದದ್ದು ಆರು ವರ್ಷದವಳಿದ್ದಾಗ ಜ್ವರದಲ್ಲಿ ಹೋದ ಮಗಳು ಕಸ್ತೂರಿಗೆ.

"ಸಾಹೇಬ್ರ, ನನ್ನ ಮಗಳ್ರಿ. ದೊಡ್ಡಾಕಿ ಆಗ್ಯಾಳ."

ಸಾಹೇಬರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ಅವರು ನೋಡಿದ್ದಷ್ಟ ಇರ್ತದವ್ವಾ. ಅದು ಮುಗದದ್ದು. ಆಕಿ ನಿಮ್ಮನ್ನ ನೋಡಂಗಿಲ್ಲ."

ಅಷ್ಟರಲ್ಲಿ ಕಸ್ತೂರಿಯ ಕೈ ನಿಂತಿತು. ತಲೆಯೆತ್ತಿ, ಗುರುತು ಹಿಡಿಯುವವಳ ಹಾಗೆ ಕಣ್ಣು ಕಿರಿದು ಮಾಡಿದಳು. ತುಟಿಗಳು 'ಅವ್ವಾ' ಎಂದವು.

ಸಾಹೇಬರು ಕನ್ನಡಕ ತೆಗೆಯಲು ಮುಂದೆ ಬಂದರು. ಬಸಲಿಂಗವ್ವ ಎರಡೂ ಕಡ್ಡಿಗಳನ್ನು ಕಿವಿಗೆ ಒತ್ತಿಕೊಂಡಳು.

"ಬ್ಯಾಡ್ರಿ. ಕರಿಯಾಕತ್ತಾಳ."

ಬಾಗಿಲ ಕಡೆ ತಿರುಗಿದಾಗ ಅಂಗಡಿಯ ಮೆಟ್ಟಿಲು ಅವಳಿಗೆ ಕಾಣಲಿಲ್ಲ. ಕಸ್ತೂರಿ ಕುರ್ಚಿಯಿಂದ ಎದ್ದು ಕೈಚಾಚಿದ್ದಳು. ಬಸಲಿಂಗವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದು, ಒಂದೂ ಹೆಜ್ಜೆ ತಪ್ಪದೆ ಬೀದಿಗೆ ಇಳಿದಳು.