ಕಾವಲಿಗೆ ಬಂದ ಅತ್ತೆ

“ನಾನು ಕೇಳಿದ್ದು ನಿಮ್ಮನ್ನಲ್ಲ, ಇವಳನ್ನ. ನೀನು ಹೇಳಮ್ಮ, ಕಾಲು ಹೇಗೆ ಉಳುಕಿತು?”

ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದ ಸೊಸೆ ತಲೆ ತಗ್ಗಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಮತ್ತೆ ನಡುವೆ ಬಂದಳು.

“ಮೆಟ್ಟಿಲು ಜಾರಿತು ಡಾಕ್ಟರಮ್ಮ. ನಾನೇ ನೋಡಿದೆ.”

ಪಾಠ ಒಪ್ಪಿಸಿದ ಹಾಗಿತ್ತು. ಡಾಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಫಿಸಿಯೋಥೆರಪಿ ಮಾಡುವ ಅವಳನ್ನು ಬಂದವರೆಲ್ಲ ಕರೆಯುತ್ತಿದ್ದುದು ಹಾಗೆಯೇ. ಇಂಥ ಮೆಟ್ಟಿಲುಗಳ ಪರಿಚಯ ಅವಳಿಗೆ ಚೆನ್ನಾಗಿತ್ತು. ಅವಳ ಅಕ್ಕ ಗಂಡನ ಮನೆಯಲ್ಲಿ ಇದ್ದಷ್ಟು ಕಾಲವೂ ಮೆಟ್ಟಿಲು ಜಾರುತ್ತಲೇ ಇದ್ದಳು. ಆ ಮನೆಗೆ ಮೆಟ್ಟಿಲೇ ಇರಲಿಲ್ಲ.

ಸೊಸೆಯ ಪಾದದ ಕೀಲು ಬದನೆಕಾಯಿಯಂತೆ ಊದಿ ನೀಲಿಗಟ್ಟಿತ್ತು. ಮುಟ್ಟಿದರೆ ಕಣ್ಣಲ್ಲಿ ನೀರು, ಬಾಯಲ್ಲಿ ಮಾತಿಲ್ಲ. ಗಂಡ ಹಡಗಿನ ಕೆಲಸದವನು, ಸಮುದ್ರದ ಮೇಲಿದ್ದ. ಮನೆಯಲ್ಲಿ ಇರುವುದು ಇಬ್ಬರೇ. ಅಷ್ಟು ತಿಳಿದ ಮೇಲೆ ಡಾಕ್ಟರಮ್ಮನಿಗೆ ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಿಕಿತ್ಸೆ ಶುರುವಾಯಿತು. ಮೊದಲು ಮಂಜುಗಡ್ಡೆ, ಬಿಗಿ ಪಟ್ಟಿ. ಊತ ಇಳಿದ ಮೇಲೆ ಪಾದಕ್ಕೆ ರಬ್ಬರ್ ಪಟ್ಟಿ ಸಿಕ್ಕಿಸಿ ಎಳೆಯುವುದು, ಗೋಡೆಗೆ ಕೈ ಕೊಟ್ಟು ತುದಿಗಾಲಲ್ಲಿ ನಿಲ್ಲುವುದು. ಪ್ರತಿ ಸಲವೂ ಅತ್ತೆ ಜೊತೆಗೇ ಬರುತ್ತಿದ್ದಳು. ಪರದೆಯ ಪಕ್ಕದ ಕುರ್ಚಿಯಲ್ಲಿ, ಬೆನ್ನು ಒರಗಿಸದೆ, ಕೈ ಕಟ್ಟಿಕೊಂಡು, ಗೂಟ ಹೊಡೆದ ಹಾಗೆ ಕುಳಿತುಬಿಡುವಳು. ಕೆಮ್ಮು ಬಂದರೂ ತುಟಿ ಕಚ್ಚಿ ತಡೆಯುವಳು. ಎಂಥ ಬಿಗುಮಾನ! ಸೊಸೆ ಸ್ವಲ್ಪ ಅಲುಗಾಡಿದರೆ ಸಾಕು, ಎದ್ದು ನಿಲ್ಲುವಳು. ಡಾಕ್ಟರಮ್ಮ ಅವಳಿಗೆ ಮನಸ್ಸಿನಲ್ಲೇ ಜೈಲರ್ ಎಂದು ಹೆಸರಿಟ್ಟಿದ್ದಳು.

ಒಂದು ದಿನ ಸೊಸೆ ಪರದೆಯ ಆಚೆ ವ್ಯಾಯಾಮ ಮಾಡುತ್ತಿದ್ದಾಗ ಅತ್ತೆ ಹತ್ತಿರ ಬಂದಳು. ದನಿ ತಗ್ಗಿಸಿ ಕೇಳಿದಳು.

“ಡಾಕ್ಟರಮ್ಮ, ಅವಳು ನಡೆದಾಡೋ ಹಾಗಾದ್ರೆ ಸಾಲದಾ? ಕಾಲಿಗೆ ಇಷ್ಟೊಂದು ಬಲ ಯಾಕೆ?”

ಡಾಕ್ಟರಮ್ಮನ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು.

“ಕೇಳಿಸ್ತೇನಮ್ಮಾ?” ಅವಳು ಪರದೆಯನ್ನು ಸರ್ರನೆ ಸರಿಸಿ ಕೂಗಿದಳು. “ನಿನ್ನ ಕಾಲು ಪೂರ್ತಿ ಗುಣ ಆಗೋದು ನಿಮ್ಮತ್ತೆಗೆ ಬೇಡವಂತೆ!”

ಸೊಸೆ ಅತ್ತೆಯನ್ನು ಒಮ್ಮೆ ನೋಡಿದಳು. ಮುದುಕಿಯ ಮುಖ ಬಿಳಿಚಿಕೊಂಡಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡಳು ಡಾಕ್ಟರಮ್ಮ.

ಮರುದಿನ ಮುದುಕಿ ಇನ್ನಷ್ಟು ನೆಟ್ಟಗೆ ಕುಳಿತಿದ್ದಳು. ಡಾಕ್ಟರಮ್ಮನ ಹತ್ತಿರ ಸುಳಿಯಲೇ ಇಲ್ಲ. ಮದ್ದು ನಾಟಿತು ಎಂದು ಡಾಕ್ಟರಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಅಂದಿನಿಂದ ಅವಳು ಆ ಕಾಲಿನ ಮೇಲೆ ಹಟ ತೊಟ್ಟು ದುಡಿದಳು. ಅಲುಗಾಡುವ ಹಲಗೆಯ ಮೇಲೆ ಒಂಟಿಗಾಲಲ್ಲಿ ನಿಲ್ಲಿಸಿದಳು, ಕುಣಿಸಿದಳು, ಕುಪ್ಪಳಿಸುವಂತೆ ಮಾಡಿದಳು. ಅಕ್ಕನಿಗೆ ಮಾಡಲಾಗದ್ದನ್ನೆಲ್ಲ ಈ ಹುಡುಗಿಗೆ ಮಾಡುತ್ತಿದ್ದಳು.

“ಇನ್ಮೇಲೆ ಯಾರಾದ್ರೂ ಮೈಮೇಲೆ ಬಂದ್ರೆ ಸುಮ್ನಿರಬೇಡ,” ಎಂದಳು ಕೊನೆಯ ದಿನ, ಪಾದವನ್ನು ಎರಡೂ ಕೈಯಲ್ಲಿ ತಿರುಗಿಸಿ ನೋಡುತ್ತ. “ಒಂದು ಒದೆ ಕೊಡು.”

ಸೊಸೆ ಮೊದಲ ಬಾರಿಗೆ ನಕ್ಕಳು. ಮುದ್ದಾದ ನಗು.

“ಈ ಕಾಲಲ್ಲೇ ಒದೀಬಹುದಾ? ಮತ್ತೆ ಉಳುಕಲ್ಲ ತಾನೇ?”

“ಗೋಡೆಗೆ ಒದ್ದರೆ ಗೋಡೇನೇ ಬಿರುಕು ಬಿಡಬೇಕು, ಹಾಗಿದೆ!”

ಸೊಸೆ ಥ್ಯಾಂಕ್ಸ್ ಹೇಳಿ, ಚಪ್ಪಲಿ ಮೆಟ್ಟಿ, ಕುಂಟದೆ ಚುರುಕಾಗಿ ಹೊರಗೆ ನಡೆದು ಟ್ಯಾಕ್ಸಿ ಹುಡುಕತೊಡಗಿದಳು. ಅತ್ತೆ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ಇನ್ನೊಂದು ವಾರ ಬರೋಕೆ ಹೇಳಿ,” ಎಂದಳು. “ಇಲ್ಲೇ ಎಲ್ಲಾದ್ರೂ ಒಂದು ಮೂಲೇಲಿ ಕೂತಿರ್ತೀನಿ.”

“ಯಾಕೆ, ಕಾವಲು ಕಾಯೋದು ಇನ್ನೂ ಮುಗೀಲಿಲ್ವಾ?” ಡಾಕ್ಟರಮ್ಮ ಗದರಿದಳು. “ನಿಮ್ಮಂಥ ಗೋಮುಖವ್ಯಾಘ್ರಗಳನ್ನ ನಾನು ಹುಟ್ಟಿದಾಗಿನಿಂದ ನೋಡಿದೀನಿ. ಬಾಯಿಲ್ಲದ ಹುಡುಗಿ ಸಿಕ್ಕಿದ್ಲು ಅಂತ ಆಟ ಆಡ್ತಿದೀರಾ? ಆ ಮನೇಲಿ ಇನ್ನೊಂದು ಸಲ ಯಾರಾದ್ರೂ ಕೈ ಎತ್ತಲಿ, ಪೊಲೀಸರನ್ನ ಕರ್ಕೊಂಡು ನಾನೇ ಬಾಗಿಲಿಗೆ ಬರ್ತೀನಿ!”

ಮುದುಕಿ ತಲೆ ಎತ್ತಿದಳು. ಕಣ್ಣು ಅರಳಿದವು.

“ಬರ್ತೀರಾ?” ಎಂದಳು. “ನಿಜವಾಗ್ಲೂ ಬರ್ತೀರಾ?”

ಈ ಕೊಬ್ಬಿಗೆ ಏನು ಹೇಳುವುದು! ಡಾಕ್ಟರಮ್ಮ ಅವಳ ರಟ್ಟೆ ಹಿಡಿದು ಕುರ್ಚಿಯಿಂದ ಎಬ್ಬಿಸಿದಳು. ಮುದುಕಿಯ ಗಂಟಲಲ್ಲಿ ಏನೋ ಸದ್ದು ಹೊರಟು ಅಲ್ಲೇ ಅಡಗಿತು. ಬೆವರು ಕಿತ್ತುಬಂತು. ಅವಳು ಗೋಡೆ ಹಿಡಿದು, ಉಸಿರು ಒಟ್ಟುಮಾಡಿಕೊಂಡು ನಿಂತಳು.

ರಸ್ತೆಯಿಂದ ಕರೆ ಬಂತು, ಜೇನು ಸುರಿದ ಹಾಗೆ: “ಅತ್ತೇ... ಬನ್ನಿ, ಮನೆಗೆ ಹೋಗೋಣ.”

ಮುದುಕಿ ಶಾಲನ್ನು ಬಿಗಿಯಾಗಿ ಸುತ್ತಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿದಳು. ಹೊರಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು.

“ಆ ಕಾಲು ಉಳುಕಿದ್ದು ಮೆಟ್ಟಿಲ ಮೇಲಲ್ಲ ಡಾಕ್ಟರಮ್ಮ, ನನ್ನ ಪಕ್ಕೆಲುಬಿನ ಮೇಲೆ.”